ಹಸಿರು ಬೊಟ್ಟಿನ ಇನ್ಸುಲಿನ್

ಭದ್ರಾವತಿಯ ನ್ಯೂಟೌನಿನಲ್ಲಿ ದಾಕ್ಷಾಯಣಮ್ಮ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಓದೋ ಅಕ್ಕ ಎಂದರೆ ಆಟೋದವರು ಸೀದಾ ಮನೆ ಮುಂದೆ ತಂದು ಬಿಡುತ್ತಿದ್ದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು, ಆದರೆ ಕಣ್ಣಿಗೆ ಬಿದ್ದ ಅಕ್ಷರವನ್ನು ಓದದೆ ಬಿಟ್ಟವರಲ್ಲ. ಕಡಲೆಬೀಜ ಕಟ್ಟಿಕೊಟ್ಟ ಕಾಗದ, ಸೋಪಿನ ಹೊದಿಕೆ, ಸಿಮೆಂಟ್ ಚೀಲ, ಬಸ್ಸಿನ ಹಿಂಬದಿಯ ಜಾಹೀರಾತು, ಎಲ್ಲವೂ ಅವರಿಗೆ ಪುಸ್ತಕವೇ. ಇಂಗ್ಲಿಷ್ ಅಕ್ಷರಗಳನ್ನು ಕಲಿತದ್ದು ಗಂಡ ಮೂರ್ತಪ್ಪನವರ ಸಂಬಳದ ಚೀಟಿಯಿಂದ ಮತ್ತು ಕಾರ್ಖಾನೆಯ ಗೇಟಿನ ಬೋರ್ಡುಗಳಿಂದ. ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿ, ಅರ್ಥವಾಗದಿದ್ದರೆ ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಕೇಳುತ್ತಿದ್ದರು. ಒಮ್ಮೆ ತಿಳಿದ ಪದವನ್ನು ಮತ್ತೆ ಮರೆತದ್ದಿಲ್ಲ. ನನ್ನ ಮರ್ಯಾದೆ ಹೋದದ್ದು ಅವರ ಈ ಚಟದಿಂದಲೇ.

ನಾನು ಶಿವಯೋಗಿ. ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಮೆಡಿಕಲ್ ಶಾಪಿನಲ್ಲಿ ಮೂವತ್ತು ವರ್ಷ ಔಷಧಿ ಕೊಟ್ಟವನು. ಅಂಗಡಿ ಶಿವಮೊಗ್ಗದಲ್ಲಿ, ಮನೆ ಭದ್ರಾವತಿಯಲ್ಲಿ, ಅಕ್ಕನ ಮನೆಯಿಂದ ಮೂರನೆಯದು. ದಿನಾ ಬೆಳಿಗ್ಗೆ ಎಂಟರ ಬಸ್ಸು. ಒಂದು ಮಾತ್ರೆ ಕೊಳ್ಳಲು ಹತ್ತು ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಡಾಕ್ಟರು ಬರೆದಿದ್ದಾರೆ, ನಾನು ಕೊಟ್ಟಿದ್ದೇನೆ, ಬಾಯಿ ಮುಚ್ಚಿಕೊಂಡು ನುಂಗುವುದಕ್ಕೇನು ಕಷ್ಟ ಎನ್ನುವುದು ನನ್ನ ವಾದ. ಅಂಥ ನನಗೆ ದಾಕ್ಷಾಯಣಕ್ಕ ಗಂಟುಬಿದ್ದರು.

1993ರಲ್ಲಿ ಅಕ್ಕನ ಸಕ್ಕರೆ ಕಾಯಿಲೆ ಮಾತ್ರೆಯ ಮಾತು ಕೇಳದಾಯಿತು. ಶಿವಮೊಗ್ಗದ ಡಾಕ್ಟರ್ ಸುಮನಾ ಇನ್ಸುಲಿನ್ ಬರೆದುಕೊಟ್ಟರು. ದಿನಕ್ಕೊಂದು ಇಂಜೆಕ್ಷನ್, ಜೀವ ಇರುವವರೆಗೆ. ಮೂರ್ತಪ್ಪನವರು ಕಾರ್ಖಾನೆಯಲ್ಲಿ ಫಿಟ್ಟರ್. ಕೋಣೆಯಷ್ಟು ದೊಡ್ಡ ಯಂತ್ರವನ್ನು ಬಿಚ್ಚಿ ಜೋಡಿಸುತ್ತಿದ್ದ ಕೈ ಆ ಸಣ್ಣ ಸೂಜಿ ಹಿಡಿದಾಗ ಗಡಗಡ ನಡುಗಿತು. ಅಕ್ಕನಿಗೆ ಸೂಜಿಯ ಕಡೆ ನೋಡುವ ಧೈರ್ಯವೇ ಇಲ್ಲ. ಹೀಗಾಗಿ ಬಸ್ಸಿಗೆ ಹೊರಡುವ ಮುಂಚೆ ಅವರ ತೋಳಿಗೆ ಚುಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಚುಚ್ಚಿಸಿಕೊಳ್ಳುವಾಗ ಅಕ್ಕ ಮುಖ ಆ ಕಡೆ ಮಾಡಿ ಗೋಡೆಯ ಕ್ಯಾಲೆಂಡರನ್ನು ಜೋರಾಗಿ ಓದುತ್ತಿದ್ದರು. "ಮಂಗಳವಾರ, ಅಷ್ಟಮಿ, ರಾಹುಕಾಲ ಮೂರರಿಂದ ನಾಲ್ಕೂವರೆ." ಅಷ್ಟರಲ್ಲಿ ನನ್ನ ಕೆಲಸ ಮುಗಿದಿರುತ್ತಿತ್ತು. ಆಮೇಲೆ ರೊಟ್ಟಿಯೋ ಉಪ್ಪಿಟ್ಟೋ ತಿನ್ನದೆ ಏಳುವ ಹಾಗಿಲ್ಲ, ಬಸ್ಸು ತಪ್ಪಿದರೆ ಅದು ಬಸ್ಸಿನ ಹಣೆಬರಹ.

ಮೊದಲ ದಿನವೇ ಬಾಟಲಿಯನ್ನು ಬೆಳಕಿಗೆ ಹಿಡಿದು ಕೇಳಿದರು:

"ಇದನ್ನ ಯಾತ್ರಿಂದ ಮಾಡ್ತಾರೋ ಶಿವಯೋಗಿ?"

ಆ ಕಾಲದಲ್ಲಿ ನಮ್ಮಂಥವರ ಕೈಗೆಟಕುತ್ತಿದ್ದ ಇನ್ಸುಲಿನ್ ದನದ್ದು. ಕಸಾಯಿಖಾನೆಯಿಂದ ಮೇದೋಜೀರಕ ಗ್ರಂಥಿಯನ್ನು ತಂದು, ಅದರಿಂದ ತೆಗೆದು ಶುದ್ಧ ಮಾಡುತ್ತಿದ್ದರು. ಅಕ್ಕನೋ, ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಎರಡು ಹೊತ್ತು ಪೂಜೆ. ಕೇಕಿಗೆ ಮೊಟ್ಟೆ ಹಾಕುತ್ತಾರೆಂದು ಬೇಕರಿಯ ಮೆಟ್ಟಿಲನ್ನೇ ಹತ್ತದವರು. ಹಿಂದಿನ ದಿನವಷ್ಟೇ ಮೂರ್ತಪ್ಪನವರು ಅಂಗಡಿಗೆ ಬಂದು ನನ್ನನ್ನು ಪಕ್ಕಕ್ಕೆ ಕರೆದಿದ್ದರು. ಡಾಕ್ಟರು ಅವರಿಗೆ ವಿಷಯ ಹೇಳಿದ್ದರಂತೆ.

"ಅವಳಿಗೆ ಹೇಳ್ಬೇಡಪ್ಪ," ಎಂದು ನನ್ನ ಕೈ ಹಿಡಿದುಕೊಂಡರು. "ಹೇಳಿದ್ರೆ ತಗೊಳ್ಳಲ್ಲ, ತಗೊಳ್ದಿದ್ರೆ ಉಳಿಯಲ್ಲ. ನಮ್ಮ ಚೌಡಪ್ಪನ ಕಾಲು ನೋಡಿದೀಯಲ್ಲ?"

ಚೌಡಪ್ಪ ಅವರ ಜೊತೆ ಕೆಲಸ ಮಾಡಿದವರು. ಸಕ್ಕರೆ ಕಾಯಿಲೆಯನ್ನು ಅಸಡ್ಡೆ ಮಾಡಿ, ಹೆಬ್ಬೆರಳಿನ ಒಂದು ಸಣ್ಣ ಗಾಯ ಏರಿ ಏರಿ, ಮಂಡಿಯ ಕೆಳಗೆ ಕಾಲು ಕಳೆದುಕೊಂಡಿದ್ದರು. ನ್ಯೂಟೌನಿನಲ್ಲಿ ಸಕ್ಕರೆ ಕಾಯಿಲೆ ಎಂದರೆ ಜನಕ್ಕೆ ನೆನಪಾಗುತ್ತಿದ್ದದ್ದು ಅವರ ಊರುಗೋಲು.

ಹಾಗಾಗಿ ನಾನು ಅಕ್ಕನ ಮುಖ ನೋಡದೆ ಹೇಳಿದೆ: "ಅದೆಲ್ಲ ಕೆಮಿಕಲ್ ಅಕ್ಕ. ಗಿಡಮೂಲಿಕೆ ಇದ್ದಂಗೇ ಅಂದ್ಕೊಳ್ಳಿ."

ಅಕ್ಕನ ಮನೆಯಲ್ಲಿ ಆಗ ಫ್ರಿಜ್ ಇರಲಿಲ್ಲ. ಪಕ್ಕದ ಮನೆಯ ಪುಷ್ಪಮ್ಮನ ಫ್ರಿಜ್ಜೇ ಗತಿ. ಪುಷ್ಪಮ್ಮ ಸೇಲಂ ಕಡೆಯವರು, ಕಾರ್ಖಾನೆಯ ಕೆಲಸಗಾರರೊಬ್ಬರನ್ನು ಮದುವೆಯಾಗಿ ಬಂದು ಇಲ್ಲಿಯವರೇ ಆದವರು. ಭಾನುವಾರ ಬಂತೆಂದರೆ ಅವರ ಮನೆಯಲ್ಲಿ ಮೀನು. ಅಕ್ಕ ಇನ್ಸುಲಿನ್ ಬಾಟಲಿಯನ್ನು ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿಯನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಗಂಟಿನ ಮೇಲೆ ಚೂರು ವಿಭೂತಿ ಹಚ್ಚಿ ಕಳಿಸುತ್ತಿದ್ದರು.

"ಪುಷ್ಪಾ, ನಿನ್ನ ಮೀನಿನ ಪಕ್ಕ ಮಾತ್ರ ಇಡ್ಬೇಡ ಕಣೇ. ಮೇಲಿನ ತಟ್ಟೇಲಿಡು. ಮುಟ್ಟೋವಾಗ ಕೈ ತೊಳ್ಕೋ."

ದನದ ಇನ್ಸುಲಿನ್ನಿಗೆ ಮೀನಿನ ಮೈಲಿಗೆ ತಾಗಬಾರದೆಂದು ಅಕ್ಕ ಹೀಗೆ ಕಾವಲು ಕಾಯುವಾಗ ಕಾಫಿ ನನ್ನ ನೆತ್ತಿಗೇರಿದ್ದು ಒಂದೆರಡು ಸಲವಲ್ಲ. ಮೂರ್ತಪ್ಪನವರು ನನ್ನ ಬೆನ್ನು ತಟ್ಟುತ್ತಾ ಬೇರೆಲ್ಲೋ ನೋಡುತ್ತಿದ್ದರು.

ಒಂಬತ್ತು ವರ್ಷ ಹೀಗೇ ನಡೆಯಿತು. ಅಕ್ಕ ಗುಂಡುಕಲ್ಲಿನ ಹಾಗಿದ್ದರು. ಮಗಳ ಮದುವೆ ಮಾಡಿದರು, ಮೊಮ್ಮಗಳನ್ನು ಎತ್ತಿ ಆಡಿಸಿದರು, ಬೀದಿಯ ಹೆಂಗಸರಿಗೆಲ್ಲ ರೇಷನ್ ಕಾರ್ಡು ಓದಿ ಹೇಳಿದರು, ನ್ಯಾಯಬೆಲೆ ಅಂಗಡಿಯವನ ನಿದ್ದೆ ಕೆಡಿಸಿದರು. ಅಷ್ಟು ಹೊತ್ತಿಗೆ ಸರ್ಕಾರದವರು ನನ್ನ ತಲೆಯ ಮೇಲೆ ಚಪ್ಪಡಿ ಎಳೆದರು. 2002ರ ಸುಮಾರಿಗೆ ಪೊಟ್ಟಣದ ತಿಂಡಿಗಳ ಮೇಲೆ ಚುಕ್ಕಿ ಬಂತು. ಹಸಿರಾದರೆ ಸಸ್ಯಾಹಾರ, ಕಂದು ಬಣ್ಣದ್ದಾದರೆ ಮಾಂಸಾಹಾರ. ಅಕ್ಷರವೇ ಇಲ್ಲದೆ ಓದಬಹುದಾದ ಇಂಥದ್ದೊಂದು ಸಿಕ್ಕರೆ ಅಕ್ಕ ಬಿಟ್ಟಾರೆಯೇ? ಮನೆಯ ಬಿಸ್ಕತ್ತು, ಪಕ್ಕದ ಮನೆಯ ಚಾಕಲೇಟು, ಬೀಗರು ತಂದ ಸಿಹಿಯ ಡಬ್ಬಿ, ಎಲ್ಲಕ್ಕೂ ತಪಾಸಣೆ. ಒಂದು ಬೆಳಿಗ್ಗೆ ಇನ್ಸುಲಿನ್ನಿನ ರಟ್ಟಿನ ಪೆಟ್ಟಿಗೆಯ ಆರೂ ಮಗ್ಗುಲು ತಿರುಗಿಸಿ ನೋಡಿದರು.

"ಇದ್ರ ಮೇಲೆ ಚುಕ್ಕಿನೇ ಇಲ್ವಲ್ಲೋ."

"ಔಷಧಿಗೆ ಚುಕ್ಕಿ ಹಾಕೋ ಕಾನೂನಿಲ್ಲ ಅಕ್ಕ."

"ಬಾಯಿಗೆ ಹಾಕೋ ಬಿಸ್ಕತ್ತಿಗೆ ಬೇಕು, ಮೈಯೊಳಗೆ ಚುಚ್ಚೋದಕ್ಕೆ ಬೇಡ್ವಾ? ಯಾವ ಸೀಮೆ ಕಾನೂನೋ ಇದು? ಚುಕ್ಕಿ ಇರೋದು ಬರೋವರೆಗೂ ನಂಗೆ ಬೇಡಪ್ಪ."

ಅವತ್ತು ಹೇಗೋ ಸಮಾಧಾನ ಹೇಳಿ ಚುಚ್ಚಿದೆ. ಮಧ್ಯಾಹ್ನ ಅಂಗಡಿಯಲ್ಲಿ ಕೂತು ಯೋಚಿಸುತ್ತಿರುವಾಗ ಎದುರಿನ ಬಳೆ ಅಂಗಡಿಯ ಬಾಗಿಲಲ್ಲಿ ಹಣೆಬೊಟ್ಟಿನ ಹಾಳೆಗಳು ನೇತಾಡುತ್ತಿದ್ದವು. ಕೆಂಪು, ನೀಲಿ, ಹಸಿರು. ಎದ್ದು ಹೋಗಿ ಹಸಿರಿನದೊಂದು ಹಾಳೆ ತಂದೆ. ಅತಿ ಸಣ್ಣ ಬೊಟ್ಟನ್ನು ಆರಿಸಿ ಪೆಟ್ಟಿಗೆಯ ಮೂಲೆಗೆ ಅಂಟಿಸಿ, ಸುತ್ತ ಹಸಿರು ಪೆನ್ನಿನಲ್ಲಿ ಒಂದು ಚೌಕ ಬರೆದೆ. ಕಂಪನಿಯವರೂ ಅಷ್ಟು ಚಂದ ಮಾಡುತ್ತಿರಲಿಲ್ಲ.

ಮುಂದಿನ ಬಾಟಲಿ ನೋಡಿ ಅಕ್ಕನ ಮುಖ ಅರಳಿತು. "ನೋಡು, ನಾವು ಕೇಳಿದ್ದಕ್ಕೆ ಹಾಕಿದ್ರು," ಎಂದು ನನಗೆ ಎರಡು ರೊಟ್ಟಿ ಹೆಚ್ಚಿಗೆ ಬಡಿಸಿದರು. ಅಷ್ಟಕ್ಕೇ ಸುಮ್ಮನಿದ್ದರೆ ಅವರು ದಾಕ್ಷಾಯಣಕ್ಕನಲ್ಲ. ಪೆಟ್ಟಿಗೆಯನ್ನು ಬೀದಿಗೆಲ್ಲ ತೋರಿಸಿ ಬಂದರು. ಹಿಂದಿನ ಬೀದಿಯ ನಂಜಮ್ಮನವರೂ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಅವರು ಭದ್ರಾವತಿಯ ಒಂದು ಮೆಡಿಕಲ್ ಶಾಪಿಗೆ ಹೋಗಿ, "ನಂಗೆ ಹಸಿರು ಬೊಟ್ಟಿನ ಇನ್ಸುಲಿನ್ನೇ ಬೇಕು" ಎಂದು ಪಟ್ಟು ಹಿಡಿದು ಕೂತುಬಿಟ್ಟರು. ಆ ಅಂಗಡಿಯವನು ಸಗಟು ವ್ಯಾಪಾರಿಗೆ ಫೋನ್ ಮಾಡಿದ, ಸಗಟು ವ್ಯಾಪಾರಿ ನಮ್ಮ ಯಜಮಾನ ಈಶ್ವರಪ್ಪನವರಿಗೆ ಮಾಡಿದ.

"ಏನಯ್ಯಾ ಶಿವಯೋಗಿ," ಎಂದರು ಈಶ್ವರಪ್ಪನವರು, "ಕಂಪನಿಯೋರಿಗೇ ಗೊತ್ತಿಲ್ದಿರೋ ಮಾಲು ನಿಂಗೆಲ್ಲಿಂದ ಸಪ್ಲೈ ಆಗ್ತಿದೆ?"

ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಕನ್ನಡಕ ಒರೆಸಿಕೊಂಡು, ಔಷಧಿಯ ಲೇಬಲ್ ಮೇಲೆ ಕೈಯಾಡಿಸುವುದು ಹುಡುಗಾಟವಲ್ಲ, ಇನ್ನೊಮ್ಮೆ ಮಾಡಿದರೆ ಬೇರೆ ಕಡೆ ಕೆಲಸ ನೋಡಿಕೋ ಎಂದರು. ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟೆ. ನಿಲ್ಲಿಸಲಿಲ್ಲ. ಬೊಟ್ಟು ನಿಂತರೆ ಅಕ್ಕನ ಇಂಜೆಕ್ಷನ್ನೂ ನಿಲ್ಲುತ್ತಿತ್ತು.

2004ರ ಕೊನೆಗೆ ಹೊಸ ಇನ್ಸುಲಿನ್ ಬಂತು. ಹೊಸದೆಂದರೆ ಲೋಕಕ್ಕೆ ಹೊಸದಲ್ಲ, ಹೊರದೇಶದವರು ಇಪ್ಪತ್ತು ವರ್ಷದಿಂದ ಮಾಡುತ್ತಿದ್ದರು, ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತಿತ್ತು. ಈಗ ನಮ್ಮ ದೇಶದಲ್ಲೇ ಮಾಡತೊಡಗಿ ನಮ್ಮಂಥವರ ಅಳವಿಗೆ ಬಂದಿತ್ತು. ದನವಿಲ್ಲ, ಹಂದಿಯಿಲ್ಲ. ಸೂಕ್ಷ್ಮಜೀವಿಗಳ ಒಳಗೆ ಮನುಷ್ಯರ ಒಂದು ಜೀನ್ ಕೂರಿಸಿ, ಅವುಗಳಿಂದಲೇ ಇನ್ಸುಲಿನ್ ಮಾಡಿಸುತ್ತಾರಂತೆ. ಅಕ್ಕನ ತೋಳುಗಳಲ್ಲಿ ಹಳೆಯ ಇನ್ಸುಲಿನ್ನಿನಿಂದ ಗುಳಿ ಬಿದ್ದಿದ್ದವು. ಡಾಕ್ಟರ್ ಸುಮನಾ ಹೊಸದಕ್ಕೆ ಬದಲಾಯಿಸಲು ಬರೆದುಕೊಟ್ಟು ನನ್ನನ್ನು ಕರೆದು ಎಚ್ಚರಿಸಿದರು. "ಹಳೇ ಅಳತೆ ಹಾಕ್ಬೇಡಿ. ಇಪ್ಪತ್ತೆಂಟು ಯೂನಿಟ್ ಇತ್ತು, ಇಪ್ಪತ್ತೆರಡಕ್ಕೆ ಇಳಿಸಿದೀನಿ. ಇಲ್ದಿದ್ರೆ ಸಕ್ಕರೆ ದಿಢೀರ್ ಅಂತ ಇಳಿದು ಜ್ಞಾನ ತಪ್ಪಬಹುದು. ಕೆಲವರಿಗೆ ಇಳಿಯೋ ಸೂಚನೆನೂ ಗೊತ್ತಾಗಲ್ಲ."

ನನಗೆ ಆದ ಸಂತೋಷ ಹೇಳತೀರದು. ಹನ್ನೊಂದು ವರ್ಷದ ನಂತರ ನಾನು ಸುಳ್ಳುಗಾರನಲ್ಲ! ಯಾರೂ ಕೇಳದಿದ್ದರೂ ಹೊಸ ಪೆಟ್ಟಿಗೆಗೆ ಹಾಳೆಯಲ್ಲಿದ್ದ ಅತಿ ದೊಡ್ಡ ಹಸಿರು ಬೊಟ್ಟನ್ನೇ ಅಂಟಿಸಿದೆ. ಸೋಮವಾರ ಬೆಳಿಗ್ಗೆ ಸಿಳ್ಳೆ ಹಾಕುತ್ತಾ ಅಕ್ಕನ ಮನೆಗೆ ಹೋದೆ.

ನಾನು ಸ್ಪಿರಿಟ್ಟಿಗೆ ಹತ್ತಿ ಅದ್ದುತ್ತಿದ್ದೆ. ಅಕ್ಕ ಪೆಟ್ಟಿಗೆ ಹಿಡಿದು ಓದುತ್ತಿದ್ದರು.

"ಹೆಚ್... ಯು... ಎಮ್... ಎ... ಎನ್. ಹ್ಯೂಮನ್."

ನಮ್ಮ ಬೀದಿಯ ತುದಿಯಲ್ಲಿ ಒಬ್ಬ ಪುಣ್ಯಾತ್ಮ ತನ್ನ ಜೀಪಿನ ಮುಂದೆ ಹ್ಯೂಮನ್ ರೈಟ್ಸ್ ಎಂದು ಕೆಂಪು ಬೋರ್ಡು ಹಾಕಿಕೊಂಡಿದ್ದ. ಅದರ ಅರ್ಥವನ್ನು ಅಕ್ಕ ಅವನನ್ನೇ ನಿಲ್ಲಿಸಿ ಕೇಳಿ ತಿಳಿದಿದ್ದರು.

"ಹ್ಯೂಮನ್ ಅಂದ್ರೆ ಮನುಷ್ಯ ಅಲ್ವೇನೋ?"

"ಹೌದಕ್ಕ, ಆದ್ರೆ ಇಲ್ಲಿ..."

"ಮನುಷ್ಯನಿಗೆ ಹಸಿರು ಚುಕ್ಕಿ ಅಂಟಿಸ್ಕೊಂಡು ಬಂದಿದೀಯಲ್ಲೋ ಮಾರಾಯ!"

ಮೂರ್ತಪ್ಪನವರ ಕೈಯ ಕಾಫಿ ಲೋಟ ತುಳುಕಿತು.

"ಯಾ‌ರ್ದು ಇದು? ಸತ್ತೋರ್ದಾ, ಬದುಕಿರೋರ್ದಾ? ಯಾರನ್ನ ಹಿಂಡಿ ತೆಗೆದ್ರು?"

"ಯಾರ್ದೂ ಅಲ್ಲ ಅಕ್ಕ, ಯೀಸ್ಟಿಂದ ಮಾಡಿದ್ದು."

"ಯೀಸ್ಟಿಂದ ಮಾಡಿದ್ರೆ ಯೀಸ್ಟ್ ಅಂತ ಬರೀಬೇಕಿತ್ತು. ಮನುಷ್ಯ ಅಂತ ಯಾಕೆ ಬರೆದ್ರು?"

ಏಳೂ ಮುಕ್ಕಾಲಾಗಿತ್ತು. ಬಸ್ಸು ತಪ್ಪುತ್ತಿತ್ತು. ಮೂಗಿನ ತುದಿಯಲ್ಲಿದ್ದ ಕೋಪ ನಾಲಿಗೆಗೆ ಇಳಿಯಿತು.

"ಅಯ್ಯೋ ಅಕ್ಕ, ಇದು ಎಷ್ಟೋ ಶುದ್ಧ! ಹನ್ನೊಂದು ವರ್ಷ ದನದ್ದನ್ನ ಚುಚ್ಚಿಸ್ಕೊಂಡ್ರಿ, ಇದಕ್ಯಾಕೆ ಇಷ್ಟು ತಕರಾರು?"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡು ಏನು ಪ್ರಯೋಜನ? ಅಕ್ಕ ಪೆಟ್ಟಿಗೆಯನ್ನು ನಿಧಾನಕ್ಕೆ ಕೆಳಗಿಟ್ಟರು. ಮೇಲೆ ಸರಿಸಿದ್ದ ರವಿಕೆಯ ತೋಳನ್ನು ಇಳಿಸಿಕೊಂಡರು. ಗಂಡನ ಕಡೆ ತಿರುಗಿ, "ನಿಮಗೂ ಗೊತ್ತಿತ್ತಾ?" ಎಂದು ಕೇಳಿದರು. ಮೂರ್ತಪ್ಪನವರು ನೆಲ ನೋಡಿದರು.

"ನೀನು ಬಸ್ಸಿಗೆ ಹೋಗು ಶಿವಯೋಗಿ," ಎಂದರು ಅಕ್ಕ. ಅವತ್ತು ತಿಂಡಿ ತಿನ್ನು ಎನ್ನಲಿಲ್ಲ.

ಮಂಗಳವಾರ ಹೋದರೆ ಬಾಗಿಲು ಹಾಕಿತ್ತು. ಬುಧವಾರವೂ ಅದೇ ಕಥೆ. ಒಳಗಿನಿಂದ ಪೂಜೆಯ ಗಂಟೆ ಮಾತ್ರ ಕೇಳುತ್ತಿತ್ತು. ಇದೇ ಸಮಯಕ್ಕೆ ಅಕ್ಕನ ಹಿಮ್ಮಡಿಯಲ್ಲಿ ಹೊಸ ಚಪ್ಪಲಿ ಕಚ್ಚಿ ಒಂದು ಗಾಯವಾಗಿತ್ತು. ಇನ್ಸುಲಿನ್ ಇಲ್ಲದ ಮೈಯಲ್ಲಿ ಅಂಥ ಗಾಯ ಏನಾಗುತ್ತದೆಂದು ನನಗೂ ಗೊತ್ತು, ಮೂರ್ತಪ್ಪನವರಿಗೂ ಗೊತ್ತು. ಬುಧವಾರ ಸಂಜೆ ಅವರು ಬಸ್ ಸ್ಟಾಪಿಗೇ ಬಂದು ನಿಂತಿದ್ದರು. "ಗಾಯ ಕೆಂಪಾಗಿದೆ ಕಣಪ್ಪ. ಚೊಂಬುಗಟ್ಟಲೆ ನೀರು ಕುಡೀತಾಳೆ. ಮಾತೇ ಆಡಲ್ಲ," ಎಂದು ಹೇಳುತ್ತಾ ಅತ್ತುಬಿಟ್ಟರು. ಅಷ್ಟು ದೊಡ್ಡ ಆಳು ರಸ್ತೆಯಲ್ಲಿ ನಿಂತು ಅತ್ತದ್ದು ನೋಡಿ ನನಗೆ ನನ್ನ ನಾಲಿಗೆಯನ್ನು ಕಿತ್ತು ಹಾಕಬೇಕೆನಿಸಿತು.

ಪುಷ್ಪಮ್ಮ ಮಾತ್ರ ಧೈರ್ಯಸ್ಥೆ. ಮೂರ್ತಪ್ಪನವರಿಂದ ವಿಷಯ ತಿಳಿದು ಸೀದಾ ಒಳಗೆ ಹೋಗಿ, "ಹನ್ನೊಂದ್ ವರ್ಷ ಅಂದ್ರೆ ಸುಮ್ನೆ ಅಲ್ಲ ಅಕ್ಕಾ, ನೀನೀಗ ನಮ್ ಕಡೆಯೋಳೇ. ಭಾನ್ವಾರ ಊಟಕ್ ಬಾ," ಎಂದರಂತೆ. ಕೇಳಿಸಿಕೊಂಡ ಹೆಂಗಸರೆಲ್ಲ ಉಸಿರು ಹಿಡಿದು ನಿಂತರೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನಕ್ಕರು, ಆದರೆ ಇಂಜೆಕ್ಷನ್ ತೆಗೆದುಕೊಳ್ಳಲಿಲ್ಲ.

ಗುರುವಾರ ಹನ್ನೊಂದು ಗಂಟೆಗೆ ಗಾಂಧಿ ಬಜಾರಿನ ಜನಜಂಗುಳಿಯ ನಡುವೆ ಅಕ್ಕ ಕುಂಟುತ್ತಾ ಬರುವುದು ಕಾಣಿಸಿತು. ಒಬ್ಬರೇ ಬಸ್ಸು ಹತ್ತಿ ಬಂದಿದ್ದರು. ತುಟಿ ಒಣಗಿತ್ತು. ಕೈಯ ವೈರ್ ಬ್ಯಾಗಿನಲ್ಲಿ ಆ ಬಾಟಲಿ. ಈಶ್ವರಪ್ಪನವರು ಗಲ್ಲಾ ಬಿಟ್ಟು ಎದ್ದು ಕುರ್ಚಿ ಹಾಕಿದರು, ನೀರು ಕೊಟ್ಟರು.

"ನನ್ನ ಡಾಕ್ಟ್ರ ಹತ್ರ ಕರ್ಕೊಂಡ್ಹೋಗು," ಎಂದರು ಅಕ್ಕ ನನಗೆ. "ಅಲ್ಲಿ ನೀನು ಬಾಯಿ ಬಿಡ್ಬೇಡ."

ಡಾಕ್ಟರ್ ಸುಮನಾ ಬೆರಳು ಚುಚ್ಚಿ ರಕ್ತ ನೋಡಿದರು. ಸಕ್ಕರೆ ನಾನೂರ ಹತ್ತು. ಗಾಯ ನೋಡಿ ಅವರ ಹುಬ್ಬು ಗಂಟಾಯಿತು. ಬೈಯಲು ಶುರು ಮಾಡುವಷ್ಟರಲ್ಲಿ ಅಕ್ಕ ಕೈಯೆತ್ತಿದರು.

"ಬೈಯೋದು ಆಮೇಲೆ ಡಾಕ್ಟ್ರೇ. ಮೊದ್ಲು ಇದು ಯಾರ್ದು ಅಂತ ಹೇಳಿ."

ಡಾಕ್ಟರು ನನ್ನ ಮುಖ ನೋಡಿದರು. ವಿಷಯ ಅವರಿಗೆ ಹೊಳೆಯಿತು. ಸ್ಟೆತಾಸ್ಕೋಪ್ ತೆಗೆದಿಟ್ಟು ಮೆಲ್ಲಗೆ ಕೇಳಿದರು: "ಹಳೇದು ದನದ್ದು ಅಂತ ಗೊತ್ತಾಗಿ ಬೇಜಾರಾಯ್ತಾ ಅಮ್ಮ? ಮೈಲಿಗೆ ಆಯ್ತು ಅನ್ನಿಸ್ತಾ?"

"ಮೊದಲ್ನೇ ದಿನ ಅನ್ನಿಸ್ತು. ಸುಳ್ಳು ಯಾಕೆ ಹೇಳ್ಲಿ, ನಾಕು ಸಲ ಸ್ನಾನ ಮಾಡ್ದೆ. ತೋಳು ಉಜ್ಜಿ ಉಜ್ಜಿ ತೊಳ್ದೆ." ಅಕ್ಕ ಕೊರಳಿನ ಲಿಂಗವನ್ನು ಮುಟ್ಟಿಕೊಂಡರು. "ಎರಡ್ನೇ ದಿನ ಪೂಜೆಗೆ ಕೂತಾಗ ಬೇರೆ ಯೋಚನೆ ಬಂತು. ಹನ್ನೊಂದು ವರ್ಷ ನನ್ನ ಜೀವ ಉಳಿಸಿದ್ದು ದನ. ಮಗಳ ಮದುವೆ ನೋಡಿದ್ದು ಅದ್ರಿಂದ, ಮೊಮ್ಮಗಳನ್ನ ಎತ್ಕೊಂಡಿದ್ದು ಅದ್ರಿಂದ. ಎಷ್ಟು ದನವೋ ಏನೋ. ಅವಕ್ಕೆ ನಾನು ಒಂದು ದಿನಾನೂ ಕೈ ಮುಗೀಲಿಲ್ಲ. ಮುಗಿಯೋಕೆ ಇವರು ಬಿಡ್ಲಿಲ್ಲ. ಅದಕ್ಕೇ ಮೊನ್ನೆಯಿಂದ ಕೂತು ಕೈ ಮುಗೀತಾ ಇದೀನಿ."

ನಾನು ಗೋಡೆಯ ಕಡೆ ತಿರುಗಿದೆ. ನನಗೆ ಅಳು ಬಂದಿತ್ತು. ಜೀವ ಉಳಿಸಿದೆ ಎಂದು ಹನ್ನೊಂದು ವರ್ಷ ಒಳಗೊಳಗೇ ಹೆಮ್ಮೆಪಟ್ಟುಕೊಂಡು ರೊಟ್ಟಿ ತಿಂದವನು ನಾನು. ಅವರಿಂದ ಏನನ್ನು ಕಿತ್ತುಕೊಂಡಿದ್ದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

"ನಾನು ನಿಮ್ಮ ಯಜಮಾನರಿಗೆ ಹೇಳಿದ್ದೆ," ಎಂದರು ಡಾಕ್ಟರು. "ನಿಮಗೇ ಹೇಳ್ಬೇಕಿತ್ತು. ತಪ್ಪಾಯ್ತು."

"ಹೊಸದ್ರದ್ದಾದ್ರೂ ಋಣ ಯಾರ್ದು ಅಂತ ತಿಳ್ಕೊಂಡೇ ಚುಚ್ಚಿಸ್ಕೊಳ್ಳೋಣ ಅಂತ ಬಂದೆ. ಈಗ ಹೇಳಿ."

ಹೊರಗೆ ರೋಗಿಗಳ ಸಾಲಿತ್ತು. ಆದರೂ ಡಾಕ್ಟರು ಕುರ್ಚಿ ಎಳೆದುಕೊಂಡು ಅಕ್ಕನ ಪಕ್ಕ ಕೂತರು. ನಮ್ಮ ದೇಹದ ಒಳಗೆ ಇನ್ಸುಲಿನ್ ಮಾಡುವ ಕ್ರಮ ಒಂದು ಕಡೆ ಬರೆದಿಟ್ಟ ಹಾಗೆ ಇರುತ್ತದೆ, ಆ ಬರಹವನ್ನು ಓದಿ, ಅದರ ಹಾಗೇ ಇನ್ನೊಂದು ಬರೆದು ಯೀಸ್ಟಿನ ಒಳಗೆ ಸೇರಿಸಿದ್ದಾರೆ ಎಂದರು. ಓದುವುದು ಬರೆಯುವುದು ಎಂದ ಕೂಡಲೇ ಅಕ್ಕ ನೆಟ್ಟಗೆ ಕೂತರು.

"ಬ್ರೆಡ್ಡಿಗೆ ಹಾಕೋ ಯೀಸ್ಟಾ?"

"ಅದರ ದಾಯಾದಿ ಅಂದ್ಕೊಳ್ಳಿ. ಒಂದು ಚಮಚ ಹೆಪ್ಪಿಂದ ಒಂದು ಹಂಡೆ ಮೊಸರಾಗಲ್ವಾ? ಹಂಗೇ ಅದು ಬೆಳೆದು, ಆ ಬರಹ ನೋಡ್ಕೊಂಡು ಇನ್ಸುಲಿನ್ ಮಾಡುತ್ತೆ. ಆಮೇಲೆ ಯೀಸ್ಟನ್ನ ಸೋಸಿ ತೆಗೀತಾರೆ. ಮನುಷ್ಯರನ್ನ ಯಾರೂ ಮುಟ್ಟಲ್ಲ. ಮನುಷ್ಯರ ಮೈಯಲ್ಲಿ ಆಗೋ ಅಂಥದ್ದೇ ಅನ್ನೋದಕ್ಕೆ ಹ್ಯೂಮನ್ ಅಂತ ಬರೆದಿರೋದು. ನಿಮ್ಮ ಮೊಮ್ಮಗಳಿಗೆ ಕಾಮಾಲೆ ಲಸಿಕೆ ಹಾಕ್ಸಿದ್ರಲ್ಲ, ಅದೂ ಹಿಂಗೇ ಯೀಸ್ಟಲ್ಲೇ ಮಾಡಿದ್ದು."

"ಅದನ್ನೂ ಯಾರೂ ಹೇಳ್ಲಿಲ್ಲ ನೋಡಿ," ಎಂದರು ಅಕ್ಕ. "ಸರಿ. ಹೆಪ್ಪು ಕೆಡುತ್ತೆ ಡಾಕ್ಟ್ರೇ. ಮಳೆಗಾಲದಲ್ಲಿ ನಮ್ಮನೇದೇ ಎಷ್ಟು ಸಲ ಲೋಳೆ ಆಗಿದೆ. ಇದು ಕೆಟ್ರೆ?"

"ಪ್ರತಿ ಹಂಡೆನೂ ಪರೀಕ್ಷೆ ಮಾಡ್ತಾರೆ. ಕೆಟ್ಟಿದ್ರೆ ಚೆಲ್ತಾರೆ."

"ಎಲ್ಲಿಗೆ? ನಾನು ಕಾರ್ಖಾನೆ ಊರೋಳು. ಚೆಲ್ಲೋದು ಎಲ್ಲಿಗೆ ಅಂತ ಮೊದ್ಲು ಕೇಳ್ತೀನಿ."

ಡಾಕ್ಟರು ನಕ್ಕರು. "ಮನುಷ್ಯರ ಬರಹ ಇರೋ ಯೀಸ್ಟು ಹೊರಗೆ ಹೋಗ್ಬಾರ್ದು. ಸಾಯಿಸಿಯೇ ಚೆಲ್ಬೇಕು ಅಂತ ನಿಯಮ ಇದೆ."

"ನಿಯಮ ಇದೆ ಅಂದ್ರಿ. ಹಂಗೇ ಮಾಡ್ತಾರೆ ಅನ್ಲಿಲ್ಲ."

"ಅದನ್ನ ನೋಡೋಕೆ ಅಧಿಕಾರಿಗಳಿದ್ದಾರೆ ಅಮ್ಮ. ಸರಿಯಾಗಿ ನೋಡ್ತಾರಾ ಅಂತ ನಾವೂ ಕಣ್ಣಿಟ್ಟಿರ್ಬೇಕು."

"ಹೆಪ್ಪು ಒಬ್ಬರ ಮನೇಲೇ ಇದ್ರೆ? ನಮ್ಮ ಬೀದಿಲಿ ನನ್ನ ಹೆಪ್ಪು ಕೆಟ್ರೆ ಪುಷ್ಪನ ಮನೇಲಿ ಇಸ್ಕೋತೀನಿ. ಈ ಕಂಪನಿಯೋನು ಕೊಡಲ್ಲ ಅಂದ್ರೆ, ಬೆಲೆ ಏರಿಸಿದ್ರೆ, ನಾವು ಯಾರ ಬಾಗಿಲು ತಟ್ಬೇಕು?"

ಹೊರದೇಶದ ಒಂದೆರಡು ಕಂಪನಿಗಳ ಕೈಲಿದ್ದಾಗ ಆದದ್ದು ಅದೇ, ಈಗ ನಮ್ಮವರೂ ಕಲಿತದ್ದರಿಂದ ಬೆಲೆ ಇಳಿದಿದೆ, ಇನ್ನೂ ಹತ್ತು ಜನ ಕಲಿಯಬೇಕು ಎಂದರು ಡಾಕ್ಟರು. ಅಕ್ಕ ತಲೆಯಾಡಿಸಿದರು. ನನಗೆ ಬಾಯಿ ಬಿಡಬೇಡ ಎಂದು ಅಪ್ಪಣೆಯಾಗಿದ್ದರಿಂದ ನಾನು ಬಾಯಿ ಮುಚ್ಚಿಕೊಂಡೇ ಬೆರಗಾದೆ. ಇಷ್ಟು ವರ್ಷದಿಂದ ಇನ್ಸುಲಿನ್ ಮಾರುತ್ತಿದ್ದ ನನ್ನ ತಲೆಗೆ ಇವುಗಳಲ್ಲಿ ಒಂದು ಪ್ರಶ್ನೆಯೂ ಬಂದಿರಲಿಲ್ಲ.

"ನಾಳೆ ಇದೇ ಥರ ಬೇರೆ ಏನೇನು ಬರೀತಾರೆ, ಯಾವ್ಯಾವುದ್ರೊಳಗೆ ಬರೀತಾರೆ?" ಎಂದು ಕೇಳಿದರು ಅಕ್ಕ. "ಬದನೆಕಾಯಿ ಒಳಗೂ ಬರೀತಾರಾ?"

"ಬರೆಯೋಕೆ ಹೊರಟಿದ್ದಾರೆ. ಒಳ್ಳೇದೂ ಆಗ್ಬಹುದು, ಎಡವಟ್ಟೂ ಆಗ್ಬಹುದು."

"ಆಗ ನಮಗೆ ಹೇಳ್ತಾರಾ?"

"ಕೇಳಿದ್ರೆ ಹೇಳ್ಬೇಕಾಗುತ್ತೆ."

"ಕೇಳ್ದೆ ಇದ್ರೆ?"

ಡಾಕ್ಟರು ನನ್ನ ಕಡೆ ನೋಡಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

ಆಮೇಲೆ ಡಾಕ್ಟರು ಸಿರಿಂಜು ತೆಗೆದರು. ರೂಢಿಯಂತೆ ನಾನು ಕೈ ಚಾಚಿದೆ. ಅಕ್ಕ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದರು.

"ನಂಗೆ ಕಲಿಸಿಕೊಡಿ," ಎಂದರು ಡಾಕ್ಟರಿಗೆ. "ಏನು ಹೋಗುತ್ತೆ ಅಂತ ತಿಳ್ಕೊಂಡ ಮೇಲೆ ಕ್ಯಾಲೆಂಡರ್ ನೋಡ್ಕೊಂಡು ಕೂರೋದ್ಯಾಕೆ?"

ಡಾಕ್ಟರು ಹೊಟ್ಟೆಯ ಮೇಲೆ ಎಲ್ಲಿ ಚುಚ್ಚಬೇಕು, ಚರ್ಮವನ್ನು ಹೇಗೆ ಹಿಡಿಯಬೇಕು ಎಂದು ತೋರಿಸಿದರು. ಸಕ್ಕರೆ ಇಳಿದುಬಿಟ್ಟರೆ ಬೆವರು, ನಡುಕ, ಕಣ್ಣು ಮಂಜಾಗುವುದು, ಕೂಡಲೇ ಎರಡು ಚಮಚ ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು ಎಂದಾಗ ಅಕ್ಕನ ಕಣ್ಣು ಹೊಳೆಯಿತು. "ಲಾಡು ತಿಂದ್ರೆ ನಡೆಯುತ್ತಾ?" ಎಂದು ಕೇಳಿ, "ನಡೆಯಲ್ಲ" ಎನ್ನಿಸಿಕೊಂಡರು. ಗಾಯಕ್ಕೆ ಔಷಧಿ ಹಚ್ಚಿ ಪಟ್ಟಿ ಕಟ್ಟಿದ್ದಾಯಿತು. ಬೇಗ ಬಂದಿರಿ, ಇನ್ನೊಂದು ವಾರ ಬಿಟ್ಟಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಅಕ್ಕ ಕನ್ನಡಕ ಏರಿಸಿಕೊಂಡು ಬಾಟಲಿಯನ್ನು ತಲೆಕೆಳಗೆ ಹಿಡಿದರು. ಸಿರಿಂಜಿನ ಮೇಲಿನ ಗೆರೆಗಳನ್ನು ಒಂದೊಂದಾಗಿ ಓದುತ್ತಾ ಔಷಧಿ ಎಳೆದುಕೊಂಡರು. ಎಳೆದು ಮುಗಿಸಿ, ಸೋಮವಾರದಿಂದೀಚೆಗೆ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದರು. ಸಿರಿಂಜನ್ನು ನನ್ನ ಕಣ್ಣ ಮುಂದೆ ಹಿಡಿದರು.

"ಸರಿ ಇದೆಯೇನೋ? ನಿಜ ಹೇಳು."

ಅವರಿಗೆ ಖುಷಿಯಾಗಲಿ, ಸರಿ ಇದೆ ಅಕ್ಕ ಎನ್ನಬೇಕೆಂದು ಮನಸ್ಸು ಹಾತೊರೆಯಿತು. ಬಗ್ಗಿ ನೋಡಿದೆ. ಇಪ್ಪತ್ತೆರಡರ ಬದಲು ಇಪ್ಪತ್ತನಾಲ್ಕಿತ್ತು.

"ಎರಡು ಗೆರೆ ಜಾಸ್ತಿ ಇದೆ ಅಕ್ಕ," ಎಂದೆ.

ಅಕ್ಕ ಎರಡು ಗೆರೆ ಇಳಿಸಿದರು. ನಾನು ತಲೆಯಾಡಿಸಿದ ಮೇಲೆ ಸೂಜಿಯನ್ನು ತಾವೇ ಚುಚ್ಚಿಕೊಂಡರು.